ತಪ್ಪಾತು, ಯಜ್ಜಾ

ನಾನೊಂದು ರಬ್ಬರಿನ ಗೊಂಬೆ. ಮನುಷ್ಯನ ಆಕಾರ, ಅದೂ ಅರ್ಧ. ಸೊಂಟದ ಕೆಳಗೆ ಏನೂ ಇಲ್ಲ. ಕಾರ್ಖಾನೆಯಲ್ಲಿ ನನ್ನ ಎದೆಯೊಳಗೆ ಒಂದು ಸ್ಪ್ರಿಂಗ್ ಕೂಡಿಸಿದರು. ಸರಿಯಾದ ಆಳಕ್ಕೆ ಒತ್ತಿದರೆ ಅದು ‘ಟಕ್’ ಅನ್ನುತ್ತದೆ. ಬಾಯಿ ಸದಾ ತೆರೆದಿದ್ದರೂ ಮಾತು ಮಾತ್ರ ಇಲ್ಲ. ನನ್ನ ಹಣೆಬರಹ!

ಗದಗಿನಲ್ಲಿ ಆಂಬುಲೆನ್ಸ್ ನರ್ಸುಗಳಿಗೆ ತರಬೇತಿ ಕೊಡುವ ಕೇಂದ್ರಕ್ಕೆ ನನ್ನನ್ನು ತಂದರು. ನಿಂತ ಹೃದಯವನ್ನು ಮತ್ತೆ ನಡೆಸುವ ಪಾಠ ನನ್ನ ಮೇಲೆಯೇ. ಎಷ್ಟು ಜನ ನನ್ನೆದೆ ಗುದ್ದಿದರೋ, ದೇವರೇ ಬಲ್ಲ.

ಅವರಲ್ಲಿ ಇಂದ್ರವ್ವ ಒಬ್ಬಳೇ ಬೇರೆ. ಮೊದಲ ದಿನ ನನ್ನ ಪಕ್ಕ ಕೂಡುವಾಗ ಅವಳ ಕಾಲು ನನಗೆ ತಾಗಿತು. ಕೂಡಲೇ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೋ, ಹುಟ್ಟಿದಾಗಿನಿಂದ ಅಂಥ ಮರ್ಯಾದೆ ಸಿಕ್ಕಿರಲಿಲ್ಲ.

ಆದರೆ ಅವಳು ಒತ್ತಿದರೆ ‘ಟಕ್’ ಬರುತ್ತಿರಲಿಲ್ಲ.

“ಅತ್ತಿ ಕಾಲು ಒತ್ತಾಕತ್ತೀಯೇನವಾ?” ಎಂದು ಕಲಿಸುವ ಮೌನೇಶ ಸರ್ ಗದರಿದರು.

“ಎಲುಬು ಮುರಿದ್ರ ಏನ್ ಮಾಡ್ಲಿರಿ ಸರ?”

“ಮುರಿದ್ರ ಮುರೀಲಿ. ಎಲುಬು ಆಮ್ಯಾಲೆ ಕೂಡತೈತಿ. ನೀ ಕೈ ಬಿಟ್ರ ಮನಷ್ಯಾನ ಹೋಗ್ತಾನ.”

ಹೇಗೋ ‘ಟಕ್’ ಅನ್ನಿಸಿ ಪಾಸಾದಳು. ಆದರೂ ಅವಳ ಕೈಯೊಳಗಿನ ಅಂಜಿಕೆ ನನಗೆ ಗೊತ್ತಾಗುತ್ತಿತ್ತು. ನಿಜವಾದ ಜೀವ ಇವಳ ಕೈಗೆ ಸಿಕ್ಕರೆ ಏನು ಗತಿಯೋ ಎಂದು ಹೆದರಿದ್ದೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಜನರಿಗೆ ಈ ಪಾಠ ತೋರಿಸಲು ಅವಳು ನನ್ನನ್ನು ಆಂಬುಲೆನ್ಸಿನಲ್ಲಿ ಒಯ್ದಳು. ಚಾಪೆ ಹಾಸಿ ನನ್ನನ್ನು ಮಲಗಿಸಿದ್ದಳಷ್ಟೇ, ಮುಂದೆ ನಿಂತು ನೋಡುತ್ತಿದ್ದ ಫಕ್ಕೀರಪ್ಪ ಎಂಬ ಅಜ್ಜ ಧೊಪ್ಪನೆ ಕುಸಿದ. ಉಸಿರಿಲ್ಲ. ಅವನ ಹೆಂಡತಿ ಬಾಟಲಿ ತೆಗೆದು ಬಾಯಿಗೆ ನೀರು ಬಿಡಲು ಬಂದಳು.

“ನೀರು ಬ್ಯಾಡ್ರಿ ಯವ್ವಾ! ಗಂಟಲದಾಗ ನಿಲ್ಲತೈತಿ!”

ಇಂದ್ರವ್ವ ನನ್ನನ್ನು ಬದಿಗೆ ತಳ್ಳಿ ಅಜ್ಜನ ಎದೆ ಒತ್ತತೊಡಗಿದಳು. ‘ಲಟಕ್’ ಎಂದಿತು. ಆ ಸದ್ದು ನನ್ನದಲ್ಲ, ಅಜ್ಜನ ಪಕ್ಕೆಲುಬಿನದು. ಅವಳ ಕೈ ನಿಂತೇಬಿಟ್ಟಿತು.

“ನನ್ನ ಗಂಡನ್ನ ಕೊಲ್ಲಾಕತ್ತಾಳಲ್ರೋ!” ಎಂದು ಮುದುಕಿ ಬೊಬ್ಬೆ ಹಾಕಿದಳು.

ಅಯ್ಯೋ, ಆಗಲಾದರೂ ನನಗೊಂದು ಮಾತು ಬರಬಾರದಿತ್ತೇ! ಒತ್ತವ್ವಾ ತಾಯಿ, ನಿಲ್ಲಿಸಬೇಡ ಎಂದು ಕೂಗಬೇಕೆನಿಸಿತು.

ಇಂದ್ರವ್ವನ ಕಣ್ಣಲ್ಲಿ ನೀರು ತುಂಬಿತು. “ತಪ್ಪಾತು, ಯಜ್ಜಾ” ಎಂದು ಮತ್ತೆ ಕೈ ಇಟ್ಟಳು. ಮೈಭಾರವೆಲ್ಲ ಬಿಟ್ಟು ಒತ್ತಿದಳು. ಎಣಿಸುವುದನ್ನೂ ಮರೆತು, ಪ್ರತಿ ಒತ್ತಿಗೂ “ತಪ್ಪಾತು, ಯಜ್ಜಾ... ತಪ್ಪಾತು...” ಎನ್ನುತ್ತಿದ್ದಳು. ಡ್ರೈವರ್ ಮೌಲಾಲಿ ಎದೆಗೆ ಕರೆಂಟ್ ಕೊಡುವ ಯಂತ್ರ ತಂದ. ಕರೆಂಟ್ ಕೊಟ್ಟ ಮೇಲೂ ಅವಳು ಒತ್ತುವುದನ್ನು ಬಿಡಲಿಲ್ಲ. ಕಡೆಗೆ ಅಜ್ಜ ನರಳಿದ. ನನ್ನ ಜನ್ಮದಲ್ಲಿ ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಮುಂದೆ ಅಜ್ಜ ಹೆಂಡತಿಯನ್ನು ಕರೆದುಕೊಂಡು ಕೇಂದ್ರಕ್ಕೇ ಬಂದ. “ನಗಾಕ ಹೋದ್ರ ಎದಿ ಹಿಡೀತೈತವಾ” ಎಂದು ನಗುತ್ತಲೇ ದೂರಿದ. ಮುದುಕಿ ಮಾತ್ರ ಇಂದ್ರವ್ವನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಈಗ ನನ್ನ ಸ್ಪ್ರಿಂಗ್ ಸತ್ತಿದೆ. ದೀಪ ಮಿನುಗುವ ಹೊಸ ಗೊಂಬೆ ಬಂದಿದೆ. ನಾನು ಸಾಮಾನಿನ ಕೋಣೆಯ ಮೂಲೆ ಸೇರಿದ್ದೇನೆ. ಗೋಡೆಯಾಚೆ ಇಂದ್ರವ್ವನೇ ಪಾಠ ಹೇಳುತ್ತಾಳೆ. “ಇನ್ನೂ ಜೋರಾಗಿ! ಅಂಜಬ್ಯಾಡ್ರಿ!” ಎಂದು ಅವಳು ಗದರುವುದು ಇಲ್ಲಿಗೂ ಕೇಳುತ್ತದೆ.

ನಿನ್ನೆ ಬ್ಯಾಂಡೇಜಿನ ಡಬ್ಬಿ ಹುಡುಕುತ್ತ ಒಳಗೆ ಬಂದಳು. ಕತ್ತಲಲ್ಲಿ ಕಾಲು ನನಗೆ ತಾಗಿತು. ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ತಪ್ಪಾತು, ಯಜ್ಜಾ” ಎಂದಳು.