ಮೊದಲ ಗುಟುಕು

"ಬೈಬೇಡ ಹಸೀಬಾ, ಕೈ ಮುಗೀತೀನಿ," ಎನ್ನುತ್ತ ಪಕ್ಕದ ಮನೆಯ ರಶೀದಾ ಮಗನನ್ನು ಬಾಗಿಲೊಳಗೆ ತಳ್ಳಿದಳು. "ಊಟ ಎಲ್ಲ ಆದ್ಮೇಲೆ ಕರೆದಿದ್ದೀಯ ಅಂತ ಗೊತ್ತು. ಆದ್ರೆ ನನಗೆ ಇವತ್ತು ಆಸ್ಪತ್ರೇಲಿ ರಾತ್ರಿ ಪಾಳಿ, ಈಗ್ಲೇ ಹೊರಡ್ಬೇಕು. ಇವನನ್ನ ಎಲ್ಲಿ ಬಿಡ್ಲಿ ಹೇಳು?"

ಹಸೀಬಾಳ ಕೈಯಲ್ಲಿ ಸೌಟಿತ್ತು. ಒಳಗೆ ಒಲೆಯ ಮೇಲೆ ಗೋಧಿನುಚ್ಚಿನ ಸಾರು ಆಗಷ್ಟೇ ಕುದಿ ಹಿಡಿದಿತ್ತು. "ಬರ್ಲಿ ಬಿಡು," ಎಂದಳು. ಬೇರೆ ಏನು ಹೇಳುವುದಕ್ಕಾಗುತ್ತದೆ? ರಶೀದಾ ಮೆಟ್ಟಿಲಿಳಿಯುತ್ತಲೇ ಕೂಗಿದಳು, "ಹೊಟ್ಟೆ ತುಂಬಾ ತಿನ್ನಿಸಿದ್ದೀನಿ. ಏನೂ ಕೊಡ್ಬೇಡ. ಕೇಳಿದ್ರೂ ಕೊಡ್ಬೇಡ!"

ತಾಹಾನಿಗೆ ಐದು ವರ್ಷ. ಚಪ್ಪಲಿ ಬಿಚ್ಚುವ ಮೊದಲೇ ಕೇಳಿದ, "ಕೇಕ್ ಎಲ್ಲಿ?"

ಕೇಕು ಒಳಗಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮೇಲಿತ್ತು. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಅದನ್ನು ಕತ್ತರಿಸುವುದು ರಾತ್ರಿ. ರಂಜಾನಿನ ಉಪವಾಸ ಬಿಟ್ಟು, ಗಂಡಸರು ಮಸೀದಿಯಿಂದ ಬಂದು, ಮಗಳು ಮಾಯ್ಸಾಳ ಗೆಳತಿಯರೂ ಅವರ ತಾಯಂದಿರೂ ಸೇರಿ, ಕಾಫಿ ಬಂದ ಮೇಲೆ. ಹಸೀಬಾ ವಾರದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಕ್ರಮ ಅದು.

ಅತ್ತೆ ಜುಲೈಖಾಳ ಲೆಕ್ಕ ಬೇರೆ. ಮಾಯ್ಸಾಗೆ ಎಂಟು ತುಂಬಿದ ದಿನವೇ ಅವಳ ಮೊದಲ ಪೂರ್ತಿ ಉಪವಾಸವೂ ಬಂದಿತ್ತು. ಹೋದ ವರ್ಷ ಮಧ್ಯಾಹ್ನದವರೆಗೆ ಮಾತ್ರ ಇದ್ದಳು. ಈ ಸಲ ಯಾರೂ ಎಬ್ಬಿಸದೆ ತಾನೇ ಬೆಳಗಿನ ಜಾವದ ಸಹರಿ ಊಟಕ್ಕೆ ಎದ್ದು ಕೂತಿದ್ದಳು. "ಹುಟ್ಟೋದು ಎಲ್ರೂ ಹುಟ್ತಾರೆ," ಎಂದಿದ್ದಳು ಜುಲೈಖಾ. "ಮೇಣದಬತ್ತಿ ಊದಿ ಆರಿಸೋದು ಒಂದು ದೊಡ್ಡ ಕೆಲ್ಸವಾ? ಉಪವಾಸ ಇರೋದು ನೋಡು, ಅದು ದೊಡ್ಡದು." ಸಂಜೆ ಮಸೀದಿಯ ಬಾಂಗು ಆದಾಗ ಮಗುವನ್ನು ಎತ್ತರದಲ್ಲಿ ಕೂರಿಸಿ, ನಿಂಬೆ ಶರಬತ್ತಿನ ಲೋಟದಲ್ಲಿ ತನ್ನ ಚಿನ್ನದ ಉಂಗುರ ಹಾಕಿ ಕುಡಿಸಬೇಕು. ಅವಳು ಮೊದಲ ಗುಟುಕು ಕುಡಿಯುವವರೆಗೆ ಮನೆಯ ಹಿರಿಯರು ಯಾರೂ ಖರ್ಜೂರ ಬಾಯಿಗಿಡುವುದಿಲ್ಲ. ಈ ಮನೆಯಲ್ಲಿ ಎಲ್ಲ ಮಕ್ಕಳಿಗೂ ಹಾಗೇ ಆಗಿದೆ.

ಹಸೀಬಾ ತಾಹಾನನ್ನು ಅಡುಗೆಮನೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ರೊಟ್ಟಿಗೆ ಚೀಸ್ ಸವರಿ ಕೊಟ್ಟಳು. ಅವನು ಅದನ್ನು ಪಕ್ಕಕ್ಕೆ ಸರಿಸಿದ.

"ಇದು ನಮ್ಮನೇಲೂ ಇದೆ."

"ಕೇಕು ರಾತ್ರಿಗೆ ಕಣಪ್ಪ. ಎಲ್ರೂ ಬಂದ್ಮೇಲೆ."

"ನಾನು ಬಂದಿದ್ದೀನಲ್ಲ." ಅವನ ತುಟಿ ಅದುರತೊಡಗಿತು. ಆಮೇಲೆ ಅಳು ಶುರುವಾಯಿತು. ಅದು ಜೋರಾದ ಅಳುವಲ್ಲ. ತಡೆದು ತಡೆದು ಬರುವ, ಬೇಗ ನಿಲ್ಲದ ಅಳು.

ಹಜಾರದಿಂದ ಜುಲೈಖಾಳ ದನಿ ಬಂತು. "ಮನೆಗೆ ಬಂದ ಮಗು ಅಳ್ತಾ ಕೂತಿದ್ರೆ ಚೆನ್ನಾಗಿರುತ್ತೇನೆ? ಒಂದು ತುಂಡು ಕೊಟ್ಟು ಸುಮ್ನಿರ್ಸು."

"ಕತ್ತರಿಸಿದ ಕೇಕನ್ನ ರಾತ್ರಿ ಬಂದೋರ ಮುಂದೆ ಹೇಗೆ ಇಡ್ಲಿ ಯಮ್ಮಾ?"

"ಅದೂ ನಿಜಾನೆ. ಹಾಗಾದ್ರೆ ಕೊಡ್ಬೇಡ."

"ಅಳ್ತಿದ್ದಾನಲ್ಲ!"

"ಅದಕ್ಕೇ ಕೊಡು ಅಂದೆ."

ಹಸೀಬಾಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಮಾಯ್ಸಾ ಬಂದು ತಾಹಾನ ಕೈ ಹಿಡಿದಳು. ಬೆಳಗ್ಗಿನಿಂದ ಒಣಗಿದ ಅವಳ ತುಟಿಗಳು ಬೆಳ್ಳಗಾಗಿದ್ದವು. "ನಾನು ನೋಡ್ಕೋತೀನಿ ಅಮ್ಮ. ನೀನು ಬುರೇಕ್ ಕರಿ."

ಉಪವಾಸ ಇರುವ ಮಗುವಿನ ಕೈಯಲ್ಲಿ ಇನ್ನೊಂದು ಮಗುವಿಗೆ ತಿನ್ನಿಸುವುದೇ? ಹಸೀಬಾ ಒಂದು ಗಳಿಗೆ ಅನುಮಾನಿಸಿದಳು. ಆದರೆ ಮಾಯ್ಸಾ ದೊಡ್ಡವಳಂತೆ ಕೈ ಚಾಚಿ ನಿಂತಿದ್ದಳು. ಒಂದು ತಟ್ಟೆಯಲ್ಲಿ ನಾಲ್ಕು ಬಾದಾಮಿ ಬಿಸ್ಕತ್ತು ಹಾಕಿ ಕೊಟ್ಟಳು. ಇಬ್ಬರೂ ಒಳಗಿನ ಕೋಣೆಗೆ ಹೋದರು. ಅಳು ನಿಂತಿತು.

ಮಾಂಸ ತುಂಬಿದ ಬುರೇಕು ಸುರುಳಿಗಳನ್ನು ಕರಿದು ಮುಗಿಸುವ ಹೊತ್ತಿಗೆ ನಾದಿನಿ ದಲೀಲಾ ಬಂದಳು. ತೋಳಿನ ಮೇಲೆ ಮಕ್ಕಳು ತೊಡುವ ಕಡುಗೆಂಪು ಮಖಮಲ್ಲಿನ ನಿಲುವಂಗಿ. "ಎಲ್ಲಿ ನಮ್ಮ ಹಾಜಿ ಅಮ್ಮ? ಬದುಕಿದ್ದಾಳಾ?" ಎಂದು ಕೂಗಿದಳು. "ನನಗಂತೂ ಮಧ್ಯಾಹ್ನದಿಂದ ಕಾಫಿ ಕಾಫಿ ಅಂತ ತಲೆ ಸಿಡೀತಿದೆ."

ಹಸೀಬಾ ಕೈ ಒರೆಸಿಕೊಳ್ಳುತ್ತ ಮಗಳನ್ನು ಕರೆಯಲು ಹೋದಳು.

ಕೇಕಿನ ಡಬ್ಬಿಯ ಮುಚ್ಚಳ ಓರೆಯಾಗಿತ್ತು. ಅಂಚಿನ ಗುಲಾಬಿ ಕೆನೆಯ ಹೂಗಳಲ್ಲಿ ಒಂದು ಇರಲಿಲ್ಲ. ಅದಿದ್ದ ಜಾಗವನ್ನು ಯಾರೋ ಬೆರಳಿನಿಂದ ಸವರಿ ನುಣುಪು ಮಾಡಿದ್ದರು. ತಾಹಾ ನೆಲದ ಮೇಲೆ ಕೂತಿದ್ದ, ಮೂಗಿನ ತುದಿಯವರೆಗೂ ಕೆನೆ. ಮಾಯ್ಸಾ ಕಿಟಕಿಯ ಬಳಿ ನಿಂತಿದ್ದಳು. ಅವಳ ಬಾಯಿ, ಗಲ್ಲ, ಕುತ್ತಿಗೆಪಟ್ಟಿ ಎಲ್ಲ ಒದ್ದೆಯಾಗಿತ್ತು.

"ನಾನೇ ತೆಗೆದು ಕೊಟ್ಟೆ," ಎಂದಳು ಮಾಯ್ಸಾ. "ಬಿಸ್ಕತ್ತು ಬೇಡ ಅಂದ."

"ಸರಿ, ಪರವಾಗಿಲ್ಲ. ನೀನು..." ಹಸೀಬಾ ಮಗಳ ಒದ್ದೆ ಕುತ್ತಿಗೆಪಟ್ಟಿ ನೋಡಿದಳು.

"ಅಕ್ಕ ಬಾಯಿ ಮುಕ್ಕಳಿಸಿ ಉಗಿದ್ಲು," ಎಂದ ತಾಹಾ. "ತುಂಬಾ ಸಲ."

ಮಾಯ್ಸಾ ತೋಳಿನಿಂದ ಗಲ್ಲ ಒರೆಸಿಕೊಂಡಳು. ನಮಾಜಿಗೆ ಮುಂಚೆ ಬಾಯಿ ಮುಕ್ಕಳಿಸಲೇಬೇಕು, ಮುಖ ತೊಳೆಯಲೇಬೇಕು. ಇವತ್ತು ಅವಳು ಒಂದು ಹೊತ್ತೂ ಬಿಡದೆ ಎಲ್ಲರಿಗೂ ಕಾಣುವಂತೆ ತೊಳೆದುಕೊಂಡಿದ್ದಳು. ಮೂರನೆಯ ಹೊತ್ತಿನ ನಮಾಜಿನ ಸಮಯವೂ ಇದೇ. ಆದರೆ ಚಾಪೆ ಬಾಗಿಲ ಹಿಂದೆ ಸುತ್ತಿದಂತೆಯೇ ಇತ್ತು. ಇನ್ನೂ ಮಾಡಿಲ್ಲವೇನೋ. ಬೆರಳಿಗಂಟಿದ ಕೆನೆಯನ್ನು ಮರೆತು ನೆಕ್ಕಿದ್ದರೆ ಉಪವಾಸ ಮುರಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಮರೆಯದೆ ನೆಕ್ಕಿದ್ದರೆ? ಹಾಗೆ ಮುರಿದ ಉಪವಾಸವನ್ನು ಹಬ್ಬ ಆದ ಮೇಲೆ ಇನ್ನೊಂದು ದಿನ ಇದ್ದು ತೀರಿಸಬೇಕು. ಏನೂ ತಿನ್ನದ ಮಗುವನ್ನು ತಿಂದೆಯಾ ಎಂದು ಕೇಳಿದರೆ? ತಿಂದ ಮಗುವನ್ನು ಕೇಳದೆ ಬಿಟ್ಟು, ಎಲ್ಲರೆದುರು ಅಜ್ಜಿಯ ಉಂಗುರದ ಶರಬತ್ತು ಕುಡಿಸಿದರೆ? ಹಸೀಬಾ ಕೇಕನ್ನು ಮೆಲ್ಲಗೆ ತಿರುಗಿಸಿ ಬರಿದಾದ ಜಾಗವನ್ನು ಗೋಡೆಯ ಕಡೆಗಿಟ್ಟಳು. ಅದಷ್ಟೇ ಅವಳಿಗೆ ತೋಚಿದ್ದು.

ದಲೀಲಾ ಒಳಗೆ ಬಂದು ಹುಡುಗಿಗೆ ನಿಲುವಂಗಿ ತೊಡಿಸಿದಳು. ಬೆನ್ನಿನ ಗುಂಡಿ ಹಾಕಲು ಎಳೆಯಬೇಕಾಯಿತು. "ಏನೇ ಇದು, ಬೆಳಗ್ಗಿಂದ ಉಪವಾಸ ಇದ್ದೂ ದಪ್ಪ ಆಗಿದ್ದೀಯ! ಕದ್ದು ಏನಾದ್ರೂ ತಿಂದ್ಯಾ?" ಎಂದು ನಕ್ಕಳು. ಮಾಯ್ಸಾಳ ಕಿವಿ ಕೆಂಪಾಯಿತು. ಉಪವಾಸ ಇದ್ದವಳಿಗೂ ಇಂಥ ಮಾತು ಕೇಳಿದರೆ ಕಿವಿ ಕೆಂಪಾಗಬಹುದು.

ಹಜಾರದ ಮಣೆಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಎರಡು ದಿಂಬು, ಅದರ ಮೇಲೆ ಮಾಯ್ಸಾ. ಅವಳ ಅಪ್ಪ ಮುರಾದ್ ಜಿಲೇಬಿ ಅಂಗಡಿಯ ಸಾಲಿನಲ್ಲಿ ನಿಂತು ಬೆವರಿ, ಕೊನೆಯ ಗಳಿಗೆಯಲ್ಲಿ ಬಂದು ಕೂತ. ಜುಲೈಖಾ ಊದಿದ ಬೆರಳಿಗೆ ಸೋಪು ಹಚ್ಚಿ ಉಂಗುರ ಜಾರಿಸಿ, ತೊಳೆದು, ಲೋಟಕ್ಕೆ ಬಿಟ್ಟಳು. ಎಲ್ಲರೂ ಬೆರಳ ತುದಿಯಲ್ಲಿ ಒಂದೊಂದು ಖರ್ಜೂರ ಹಿಡಿದು ಸುಮ್ಮನಾದರು.

ಬಾಂಗು ಕೇಳಿಸಿತು. ಮೊದಲು ಕೆಳಗಿನ ಬೀದಿಯಿಂದ, ಆಮೇಲೆ ಕಣಿವೆಯಾಚೆಯಿಂದ.

ಮಾಯ್ಸಾ ಲೋಟ ತೆಗೆದುಕೊಂಡಳು. ತುಟಿಯವರೆಗೆ ತಂದಳು. ಕುಡಿಯಲಿಲ್ಲ.

"ಬಿಸ್ಮಿಲ್ಲಾ ಅನ್ನು ಚಿನ್ನ," ಎಂದಳು ಅಜ್ಜಿ.

"ಕುಡಿಯೇ ಮಾರಾಯ್ತಿ, ನಮ್ಮ ಪ್ರಾಣ ಹೋಗ್ತಿದೆ!" ಎಂದಳು ದಲೀಲಾ. ಮುರಾದ್ ನಕ್ಕ.

ಮಾಯ್ಸಾ ಲೋಟದ ಅಂಚಿನ ಮೇಲಿಂದ ತಾಯಿಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಮಗ್ಗಿ ಹೇಳುತ್ತ ಹೇಳುತ್ತ ನಡುವೆ ತಪ್ಪಿದಾಗ ನೋಡುವ ಹಾಗೆ ನೋಡಿದಳು. ಹಸೀಬಾಗೆ ಆ ನೋಟದಲ್ಲಿ ಏನಿದೆಯೆಂದು ಗೊತ್ತಾಗಲಿಲ್ಲ. ಮುಂದಿನದನ್ನು ಅವಳು ಯೋಚಿಸಿ ಮಾಡಲಿಲ್ಲ.

"ಬಿಸ್ಮಿಲ್ಲಾ," ಎಂದು ಜೋರಾಗಿ ಹೇಳಿ ತನ್ನ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಳು. ಅದರ ಮೇಲೆ ಒಂದು ಲೋಟ ನೀರನ್ನೂ ಗಟಗಟ ಕುಡಿದಳು.

ಎಲ್ಲರ ಮುಖವೂ ಅವಳತ್ತ ತಿರುಗಿತು.

"ಅಯ್ಯೋ ಹಸೀಬಾ! ಮಗಳಿಗಿಂತ ಮುಂಚೆ?" ಎಂದಳು ದಲೀಲಾ.

"ತಡೆಯಕ್ಕಾಗ್ಲಿಲ್ಲ," ಎಂದಳು ಹಸೀಬಾ. ನೀರು ಗಲ್ಲದಿಂದ ಇಳಿಯುತ್ತಿತ್ತು.

"ನೋಡೋ ಮುರಾದ್, ನಿನ್ನ ಹೆಂಡ್ತಿಗೇ ಇದು ಮೊದಲ ಉಪವಾಸ ಅಂತ ಕಾಣುತ್ತೆ! ಅವಳಿಗೂ ಒಂದು ಉಂಗುರ ತಾ!" ದಲೀಲಾ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತಾನೂ ತಿಂದಳು, ಮುರಾದನೂ ತಿಂದ. ಸಾರಿನ ಬಟ್ಟಲುಗಳು ಕೈಯಿಂದ ಕೈಗೆ ಹೋಗತೊಡಗಿದವು.

ಜುಲೈಖಾ ನಗಲಿಲ್ಲ. ಅವಳು ಸೊಸೆಯನ್ನು ನೋಡಿದಳು. ಆಮೇಲೆ ಮೊಮ್ಮಗಳನ್ನು ಬಹಳ ಹೊತ್ತು ನೋಡಿದಳು. ಕೈ ಚಾಚಿ ಲೋಟವನ್ನು ಹುಡುಗಿಯ ಕೈಯಿಂದ ಬಿಡಿಸಿಕೊಂಡು ಪಕ್ಕಕ್ಕಿಟ್ಟಳು.

"ಶರಬತ್ತು ತುಂಬಾ ತಣ್ಣಗಿದೆ," ಎಂದಳು. "ಖಾಲಿ ಹೊಟ್ಟೆಗೆ ಆಗಲ್ಲ. ಮೊದಲು ಸಾರು ಕುಡೀಲಿ."

"ಈಗ ಕೇಕಾ?" ಎಂದು ತಾಹಾ ಕೇಳಿದ.

"ಈಗ ಸಾರು. ನಿನಗೂ," ಎಂದಳು ಜುಲೈಖಾ.

ಹಸೀಬಾ ಮಗಳನ್ನು ಇಳಿಸಲು ಕುರ್ಚಿಯ ಬಳಿ ಹೋದಳು. ಮಾಯ್ಸಾ ಬಾಗಿ ಅವಳ ಕಿವಿಯ ಹತ್ತಿರ ಕೇಳಿದಳು, "ಅಮ್ಮ, ಹಬ್ಬ ಆದ್ಮೇಲೂ ಒಂದು ದಿನ ನನ್ನ ಸಹರಿಗೆ ಎಬ್ಬಿಸ್ತೀಯಾ?"

"ಹಬ್ಬ ಆದ್ಮೇಲಾ?"

"ಒಂದೇ ದಿನ."

"ಎಬ್ಬಿಸ್ತೀನಿ," ಎಂದಳು ಹಸೀಬಾ.

ನೆಲಕ್ಕೆ ಪಾದ ಊರಿದ ಕೂಡಲೇ ಹುಡುಗಿ ಮುಖ ಕಿವುಚಿ ತಾಯಿಯ ಭುಜ ಹಿಡಿದುಕೊಂಡಳು. ಕಾಲು ಜೋಮು ಹಿಡಿದಿತ್ತು. ಹಿಂದೆ ಚಮಚಗಳ ಸದ್ದು ಎದ್ದಿತ್ತು, ಯಾರೋ ಉಪ್ಪು ಕೇಳುತ್ತಿದ್ದರು. ಹಸೀಬಾ ಅಲ್ಲೇ ಕೆಳಗೆ ಕೂತು, ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಅಂಗೈಯಿಂದ ಉಜ್ಜತೊಡಗಿದಳು.