ಟವೆಲ್ಲಿನ ಕೆಳಗಿನ ದರ

ಸಂಗನಬಸವನಿಗೆ ಮೋಸ ಮಾಡುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ವಿಜಯಪುರದ ಜೋರಾಪುರ ಪೇಟೆಯಲ್ಲಿ ಹೇಳುತ್ತಿದ್ದರು. ಹೇಳುವವರಲ್ಲಿ ಸಂಗನಬಸವನೇ ಮೊದಲಿಗ. ಒಣದ್ರಾಕ್ಷಿಯ ವ್ಯಾಪಾರ ಅವನದು. ಘೋಣಸಗಿ, ಕಳ್ಳಕವಟಗಿಯ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಹೋದರೆ ಬಾಕ್ಸಿನ ಮೇಲಿನ ಹೆಸರನ್ನು ನೋಡುತ್ತಲೇ ಇರಲಿಲ್ಲ. ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಎರಡು ಕಾಳು ಬಾಯಿಗೆ ಹಾಕಿಕೊಂಡು, ಆಮೇಲೆ ಮಾತು. ದರವನ್ನು ಮಾತ್ರ ಬಾಯಿಬಿಟ್ಟು ಹೇಳುವವನಲ್ಲ. ಅಪ್ಪನ ಕಾಲದ ದಲಾಲರಂತೆ ಕೈಮೇಲೆ ಟವೆಲ್ ಹೊದಿಸಿ, ಒಳಗೆ ಎದುರಿನವನ ಬೆರಳು ಹಿಡಿದು ಕುದುರಿಸುತ್ತಿದ್ದ.

ಇಂಥವನು ಸ್ಕಾಚ್ ಹುಡುಕಿಕೊಂಡು ಹೊರಟಿದ್ದು ಚೈನಿಗಲ್ಲ. ಲಿಂಗ ಕಟ್ಟಿದ ಮನೆತನ, ಹನಿ ಮುಟ್ಟಿದವನಲ್ಲ. ಹೆಂಡತಿ ಸೌಭಾಗ್ಯಳ ಕರುಳು ತೂತಾಗಿ, ವಿಜಯಪುರದ ಉಳಿದ ಡಾಕ್ಟರರೆಲ್ಲ ಸೊಲ್ಲಾಪುರಕ್ಕೆ ಒಯ್ಯಿರೆಂದು ಕೈ ಚೆಲ್ಲಿದಾಗ, ಡಾಕ್ಟರ್ ಪರಮೇಶ್ವರ ಆಪರೇಷನ್ ಮಾಡಿ ಉಳಿಸಿಕೊಟ್ಟಿದ್ದರು. ಹೆಂಡತಿಯನ್ನು ಮನೆಗೆ ಕರೆದೊಯ್ಯುವ ದಿನ ಸಂಗನಬಸವ ಅವರ ಕೈ ಹಿಡಿದು ಅತ್ತ.

“ಏನ್ ಕೊಟ್ರ ಈ ಋಣ ತೀರತೈತ್ರಿ ಸಾಹೇಬ್ರ?”

“ಏನೂ ಬ್ಯಾಡ ಮಾರಾಯಾ. ಬೇಕಂದ್ರ ಒಂದ್ ಚಲೋ ಸ್ಕಾಚ್ ತಂದುಕೊಡು. ತ್ವಾಟದಾಗ ಕುಂತು ನಿನ್ನ ಹೆಸರ ಹೇಳಿ ಕುಡೀತೀನಿ,” ಎಂದು ಡಾಕ್ಟರು ನಕ್ಕರು.

ಅವರು ತಮಾಷೆಗೆ ಅಂದದ್ದನ್ನು ಇವನು ಮನಸ್ಸಿಗೆ ಹಚ್ಚಿಕೊಂಡ. ಗುರುತಿನವರ ಕಣ್ಣು ತಪ್ಪಿಸಿ ದೊಡ್ಡ ವೈನ್‌ಶಾಪೊಂದಕ್ಕೆ ಹೋಗಿ, ಎಲ್ಲಕ್ಕಿಂತ ಭಾರಿಯದು ಯಾವುದೆಂದು ಕೇಳಿದ. ಅಂಗಡಿಯವನು ಹದಿನೆಂಟು ವರ್ಷದ ಒಂದು ಬಾಟಲಿ ತೋರಿಸಿದ. ಬೆಲೆ ಕೇಳಿ ಸಂಗನಬಸವ ಬೆವತುಹೋದ.

“ಇದರ ರೇಟಿನಾಗ ಅರ್ಧಾ ಹೆಸರಿಂದs ಐತ್ರಿ ಸಾವ್ಕಾರ್ರ,” ಅಂಗಡಿಯವನು ಮತ್ತೊಂದನ್ನು ಮುಂದಿಟ್ಟ. “ಇದು ನೋಡ್ರಿ, ಹನ್ನೆರಡು ವರ್ಷದ್ದು. ಹೆಸರು ಭಾಳ ಮಂದಿಗಿ ಗೊತ್ತಿಲ್ಲ. ಆದ್ರ ರುಚಿ ತಿಳದಾವ್ರು ಇದನ್ನs ಒಯ್ತಾರ. ಕೊಟ್ಟ ರೊಕ್ಕಕ್ಕ ಮೋಸಿಲ್ಲ.”

ಸರಿಯಾದ ಮಾತು. ದ್ರಾಕ್ಷಿಯ ವಿಷಯದಲ್ಲಾದರೆ ಸಂಗನಬಸವನೇ ಆಡುವಂಥ ಮಾತು. ಆದರೆ ಉಡುಗೊರೆ ಅಂದಮೇಲೆ ನೋಡಿದವರು ಹೌದೆನ್ನಬೇಕಲ್ಲ! ಹೆಸರೂ ಬೇಕು, ಬೆಲೆಯೂ ಇಳಿಯಬೇಕು. ಗೋವಾದಲ್ಲೆಷ್ಟು, ಮಹಾರಾಷ್ಟ್ರದಲ್ಲೆಷ್ಟು, ವಿಮಾನ ನಿಲ್ದಾಣದಲ್ಲೆಷ್ಟು ಎಂದು ಮೊಬೈಲಿನಲ್ಲಿ ನೋಡಿ ನೋಡಿ ಕಣ್ಣು ಕೆಂಪಾದವು. ಕೊನೆಗೆ ಯಾರೋ ಟಿಕೋಟಾದ ಒಬ್ಬನ ಸುಳಿವು ಕೊಟ್ಟರು. ಅವನಲ್ಲಿ ದುಬೈಯಿಂದ ನೇರ ಬಂದ ಮಾಲು ಸಿಗುತ್ತದಂತೆ.

ಹೋಗಿ ನೋಡಿದರೆ ಅದೇ ಹದಿನೆಂಟು ವರ್ಷದ್ದು, ಚಿನ್ನದಕ್ಷರದ ಡಬ್ಬಿ. ಸಂಗನಬಸವ ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಮೇಲೆ ಹೊದಿಸಿ, ಅಂಗಡಿಯ ದರದ ಅರ್ಧಕ್ಕೆ ಬೆರಳು ಒತ್ತಿದ. ಜಗ್ಗಾಟ ಇಲ್ಲಿಂದ ಶುರುವಾಗಲಿ ಎಂಬುದು ಅವನ ಲೆಕ್ಕ. ಆದರೆ ಆ ಮನುಷ್ಯ ಒಂದೇ ಸಲಕ್ಕೆ ಒಪ್ಪಿ ಕೈ ಕುಲುಕಿಬಿಟ್ಟ. ಸಂಗನಬಸವ ಊರ ತನಕ ತನ್ನ ಜಾಣತನಕ್ಕೆ ತಾನೇ ಹಿಗ್ಗುತ್ತ ಬಂದ.

ಬಾಟಲಿ ಕಂಡು ಡಾಕ್ಟರು ಗಾಬರಿಯಾದರು. “ಹುಚ್ಚ ಅದಿಯೇನ? ಇಷ್ಟ್ ಖರ್ಚ ಮಾಡೂದಾ?”

“ನಿಮ್ಮ ಮುಂದ ರೊಕ್ಕ ಯಾವ ಲೆಕ್ಕರಿ ಸಾಹೇಬ್ರ?” ಎಂದ ಸಂಗನಬಸವ. ಅನ್ನುವಾಗ ನಾಲಿಗೆ ತಡವರಿಸಲಿಲ್ಲ.

ಮುಂದಿನ ರವಿವಾರ ಹಳೆಯ ರಟ್ಟಿನ ಬಾಕ್ಸುಗಳನ್ನು ಮಾರಲು ಗೆಳೆಯ ಜುಬೇರನ ಗುಜರಿ ಗೋಡೌನಿಗೆ ಹೋದ. ಮೂಲೆಯಲ್ಲಿ ಅದೇ ಚಿನ್ನದಕ್ಷರದ ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಮುಚ್ಚಳ, ಡಬ್ಬಿ, ಎಲ್ಲವೂ ಒರೆಸಿ ಹೊಸದರಂತಿದ್ದವು.

“ಇವನ್ಯಾಕ ಹಿಂಗ ಜೋಪಾನ ಮಾಡೀದಿ?”

“ಟಿಕೋಟಾದಾವ ಒಬ್ಬಾವ ಒಯ್ತಾನಪಾ. ಮುಚ್ಚಳಾ, ಡಬ್ಬಿ ಇದ್ರ ಕೇಳಿದಷ್ಟ್ ಕೊಡ್ತಾನ,” ಎಂದ ಜುಬೇರ, ತಕ್ಕಡಿಯಿಂದ ತಲೆ ಎತ್ತದೆ. “ಶೋಕೇಸಿನಾಗ ಇಡ್ತಾರಂತ ಅಂದಾನ. ಯಾಕ?”

ಸಂಗನಬಸವನಿಗೆ ಟವೆಲ್ಲಿನ ಕೆಳಗಿನ ಆ ಬೆರಳು ನೆನಪಾಯಿತು. ಖರೇ ಮಾಲಿದ್ದವನು ಅಷ್ಟು ಬೇಗ ಬಿಟ್ಟುಕೊಡುವುದುಂಟೆ? ಇಪ್ಪತ್ತು ವರ್ಷ ಇದೇ ಧಂದೆ ಮಾಡಿದವನಿಗೆ ಆ ಗಳಿಗೆಯಲ್ಲಿ ಅಗ್ಗದ ಅಮಲು ಏರಿತ್ತು. ಆ ಬಾಟಲಿಯಲ್ಲಿ ಏನು ತುಂಬಿದ್ದಾರೋ! ಕಳ್ಳಭಟ್ಟಿ ಕುಡಿದು ಕಣ್ಣು ಕಳಕೊಂಡವರ, ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಡಾಕ್ಟರಿಗೆ ಕಣ್ಣು ಹೋದರೆ ಮುಂದೆ ಚಾಕು ಹಿಡಿಯುವವರು ಯಾರು?

ರವಿವಾರ ಡಾಕ್ಟರು ಬಬಲೇಶ್ವರದ ತೋಟದಲ್ಲಿರುತ್ತಾರೆ. ಕಾರು ಹತ್ತಿ ಅತ್ತ ಓಡಿಸುತ್ತಲೇ ಫೋನ್ ಮಾಡಿದ. “ಏನೋ ಸಂಗನಬಸವ?” ಎಂದು ನಗುವಿನ ದನಿ ಕೇಳಿತು. ಕುಡಿಯಬೇಡಿ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ? ಅರ್ಧ ದರದ ಮಾಲು ಎನ್ನಬೇಕಾಗುತ್ತದೆ.

“ಏನಿಲ್ರಿ, ಸುಮ್ನ ಮಾಡೀನಿ,” ಎಂದು ಫೋನ್ ಇಟ್ಟುಬಿಟ್ಟ. ಇಟ್ಟಮೇಲೆ ತನ್ನನ್ನೇ ಬೈದುಕೊಂಡ. ಆದರೆ ತಿರುಗಿ ಮಾಡಲಿಲ್ಲ. ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಕೈ ತಪ್ಪಿದಂತೆ ಮಾಡಿ ಬಾಟಲಿ ಕೆಡವಿದರಾಯಿತು. ಮರುದಿನ ಅಂಗಡಿಯಿಂದ ಪೂರಾ ಬೆಲೆ ಕೊಟ್ಟು ಹೊಸದನ್ನು ತಂದರೆ ಪ್ರಾಣವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

ಡಾಕ್ಟರು ಬೇವಿನ ಮರದ ಕೆಳಗೆ ಒಬ್ಬರೇ ಕುಳಿತಿದ್ದರು. ಮುಂದಿನ ಮೇಜಿನ ಮೇಲೆ ಬಾಟಲಿ, ಪಕ್ಕದಲ್ಲಿ ತುಂಬಿದ ಗ್ಲಾಸು. “ಬಾರೋ, ನಿನ್ನ ಹೆಸರ ಹೇಳಾಕತ್ತಿದ್ದೆ,” ಎಂದರು. ಸಂಗನಬಸವ ಕಾಲು ಮುಟ್ಟಲು ಬಾಗಿದವನಂತೆ ಬಾಗಿ ಮೇಜನ್ನೇ ನೂಕಿದ. ಬಾಟಲಿ, ಗ್ಲಾಸು ಎರಡೂ ಕಲ್ಲಿನ ಮೇಲೆ ಬಿದ್ದು ಚೂರಾದವು. ಅವನಿಗೆ ಹೋದ ಜೀವ ಬಂದಂತಾಯಿತು.

“ಇರಲಿ ಬಿಡೋ, ಯಾಕ ಅಷ್ಟ್ ಬೆವತಿ?” ಎಂದು ಡಾಕ್ಟರು ಅವನನ್ನು ಹಿಡಿದೆತ್ತಿದರು. “ಒಂದ್ ಗ್ಲಾಸರ ಕುಡದೀನಲ್ಲ. ರುಚಿ ಏನೋ ಬ್ಯಾರೆ ಅನಿಸ್ತು. ನೀ ತಂದದ್ದು ಅಂತ ಸಂಶೇ ಬರಲಿಲ್ಲ.”

ಸಂಗನಬಸವ ಅವರ ಮುಖ ನೋಡಿದ. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಗುಟ್ಟು ಉಳಿಯುತ್ತಿತ್ತು.

“ಸಾಹೇಬ್ರ, ಅದು ಖೊಟ್ಟಿ ಮಾಲರಿ. ಅರ್ಧಾ ದರಕ್ಕ ತಂದೀನ್ರಿ. ಏಳ್ರಿ, ನಿಮ್ಮ ಕಾಲಿಗಿ ಬೀಳ್ತೀನಿ, ದವಾಖಾನಿಗಿ ನಡೀರಿ.”

ಡಾಕ್ಟರು ಎದ್ದು ನಿಂತರು. “ಫೋನ್ ಮಾಡಿದಾಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಆಗಿನ್ನಾ ನಾ ಬಾಟ್ಲಿ ಮುಚ್ಚಳಾ ತಗದಿರಲಿಲ್ಲ,” ಎಂದು ಅವರೇ ಹೋಗಿ ಕಾರಿನಲ್ಲಿ ಕುಳಿತರು. ವಿಜಯಪುರದ ದಾರಿಯುದ್ದಕ್ಕೂ ಎದುರು ಬಂದ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದರು. ವಿಷ ಕಣ್ಣಿಗೆ ತಟ್ಟಿದ್ದು ತಿಳಿಯಲು ಮರುದಿನದ ತನಕ ಬೇಕೆಂದು ಅವರಿಗೆ ಗೊತ್ತಿತ್ತು. ಆದರೂ ಓದಿದರು. ಒಂದು ಬೋರ್ಡಿನಿಂದ ಮತ್ತೊಂದಕ್ಕೆ ಸಂಗನಬಸವ ಉಸಿರು ಬಿಗಿಹಿಡಿದು ಕಾರು ನಡೆಸಿದ.

ಮರುದಿನ ಸಂಜೆಗೆ ರಕ್ತಪರೀಕ್ಷೆಯ ವರದಿಗಳೆಲ್ಲ ಬಂದವು. ಬಾಟಲಿಯಲ್ಲಿದ್ದದ್ದು ಬಣ್ಣ ಕಟ್ಟಿದ ಕಳಪೆ ಸಾರಾಯಿ, ವಿಷವಲ್ಲ. ಕಣ್ಣಿಗೂ ಜೀವಕ್ಕೂ ಏನೂ ಆಗಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕುಳಿತಿದ್ದ ಸಂಗನಬಸವ ಒಳಗೆ ಓಡಿ ಕಾಲು ಹಿಡಿಯಲು ಹೋದ. ಡಾಕ್ಟರು ಕಾಲು ಹಿಂದಕ್ಕೆಳೆದುಕೊಂಡರು.

“ನಿನ್ನ ಹೆಂಡ್ತಿ ಹೊಟ್ಟಿಗಿ ನಾ ಎಂಥಾ ದಾರದ ಹೊಲಿಗಿ ಹಾಕೀನಿ ಅಂತ ನೀ ಒಮ್ಮಿನೂ ಕೇಳಲಿಲ್ಲ, ಸಂಗನಬಸವ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಗುರುವಾರ ಸೌಭಾಗ್ಯನ ತಪಾಸಣಿ ಐತಿ, ಆಕಿನ್ನ ತಪ್ಪದ ಕಳಸು. ಆಕಿ ಜೋಡಿ ಬ್ಯಾರೆ ಯಾರರ ಬರ್ಲಿ.”