ಮೇಷ್ಟ್ರ ಸಹಿ

ಕೆಜಿಯಾ ಪೂಲ್ ಎರಡು ನೋಟುಗಳನ್ನು ಬ್ಯಾಂಕಿನ ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆದಳು. ಅವಳು ಹೀಗೆ ಬರುತ್ತಿರುವುದು ಇದು ಎಂಟನೆಯ ದಿನ. ಮೇಜಿನಾಚೆ ನಿಂತ ಕ್ಯಾಷಿಯರ್ ಲೈಮನ್ ಟೀಡ್ ಆ ನೋಟುಗಳನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದ. ಎರಡರ ಮೇಲೂ ಅವನದೇ ಸಹಿ ಇತ್ತು.

"ಬೆಳ್ಳಿ ಕೇಳೋಕೆ ಬಂದಿಲ್ಲ ಮೇಷ್ಟ್ರೇ," ಎಂದಳು. "ಕರ್ನಲ್ ಅಂಗಡಿಗೆ ಒಂದು ಚೀಟಿ ಬರ್ಕೊಡಿ. ಒಂದು ಹಿಡಿ ಮೊಳೆ ಸಾಕು. ಹಲಗೆ ನಾನೇ ಕೊಯ್ದಿಟ್ಟಿದೀನಿ."

"ಅಂಗಡೀಲಿ ಮೊಳೆ ಇಲ್ವಲ್ಲ ಕೆಜಿಯಾ."

"ಅವರೂ ಅದನ್ನೇ ಹೇಳ್ತಾರೆ. ಸರೋವರದ ಹಿಮ ಕರಗಿ ಹಡಗು ಬರೋವರೆಗೂ ಇಲ್ವಂತೆ. ನವೆಂಬರಲ್ಲಿ ಆರು ಪೀಪಾಯಿ ಇಳಿಸಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಅಷ್ಟೂ ಯಾರ ಹೊಟ್ಟೆಗೆ ಹೋಯ್ತೋ."

ಲೈಮನ್ ಲೆಕ್ಕದ ಪುಸ್ತಕದ ಹಾಳೆ ಮಗುಚಿದ. ಅವನ ಬೆನ್ನ ಹಿಂದೆ, ಕಬ್ಬಿಣದ ಸರಳಿನ ಬಾಗಿಲಿನಾಚೆ, ಆ ಆರೂ ಪೀಪಾಯಿಗಳು ಬೆಳ್ಳಿಯ ಪೀಪಾಯಿಗಳೆಂಬ ಹೆಸರಿನಲ್ಲಿ ಸಾಲಾಗಿ ಕೂತಿದ್ದವು.

ಕೆಜಿಯಾಳ ಗಂಡ ಜೇರೆಡ್ ಪೂಲ್ ಸತ್ತು ಹದಿನೈದು ದಿನವಾಗಿತ್ತು. ಫೆಬ್ರವರಿಯ ನೆಲ ಗುದ್ದಲಿಗೆ ಬಗ್ಗುವುದಿಲ್ಲ. ಎಲ್ಮ್ ಫೋರ್ಕ್ ಊರಿನಲ್ಲಿ ಚಳಿಗಾಲದಲ್ಲಿ ಸತ್ತವರು ಏಪ್ರಿಲ್‌ವರೆಗೆ ಮರ ಕೊಯ್ಯುವ ಗಿರಣಿಯ ಹಿಂದಿನ ಕೊಟ್ಟಿಗೆಯಲ್ಲಿ ಕಾಯಬೇಕು. ಶವಪೆಟ್ಟಿಗೆಯೊಳಗೆ ಕಾದರೆ ಮರ್ಯಾದೆ. ಜೇರೆಡ್‌ಗೆ ಪೆಟ್ಟಿಗೆಯಿರಲಿಲ್ಲ. ಕೊಟ್ಟಿಗೆಯ ಗೋಡೆ ಕೆರೆದು ನರಿಗಳು ನುಗ್ಗತೊಡಗಿದ್ದವು. ಮರದ ಗೂಟ ಹೊಡೆದು ಪೆಟ್ಟಿಗೆ ಮಾಡಬಲ್ಲ ಬಡಗಿ ಊರಿನಲ್ಲೊಬ್ಬನಿದ್ದ. ಆದರೆ ಈ ನೋಟು ಬೇಡ, ಬೆಳ್ಳಿ ಕೊಡು ಎಂದಿದ್ದ. ಹಾಗಾಗಿ ಕೆಜಿಯಾ ರಾತ್ರಿಯೆಲ್ಲ ಕೊಡಲಿ ಹಿಡಿದು ಗಂಡನ ಪಕ್ಕ ಕೂತು, ಬೆಳಿಗ್ಗೆ ಬ್ಯಾಂಕಿನ ಒಲೆಯ ಬಳಿಯ ಬೆಂಚಿಗೆ ಬಂದು ಕೂರುತ್ತಿದ್ದಳು.

ಅಂದೂ ಹೋಗಿ ಕೂತಳು. ಏಳು ಎನ್ನಲು ಲೈಮನ್‌ಗೆ ಬಾಯಿ ಬರಲಿಲ್ಲ.

ಅವನು ಹೋದ ಬೇಸಿಗೆಯವರೆಗೆ ಇದೇ ಊರಿನ ಶಾಲಾ ಮೇಷ್ಟ್ರು. ಕರ್ನಲ್ ಬಾರ್ನಬಸ್ ಕ್ರೇನ್, ಅಂದರೆ ಗಿರಣಿ, ಅಂಗಡಿ, ಊರಿನ ಅರ್ಧ ಜಮೀನು ಎಲ್ಲದರ ಮಾಲೀಕ, ಬ್ಯಾಂಕು ತೆರೆದಾಗ ಮೇಷ್ಟ್ರನ್ನು ಕರೆದು ಕ್ಯಾಷಿಯರ್ ಮಾಡಿದ. ಕಾರಣ ಲೆಕ್ಕವಲ್ಲ, ಅಕ್ಷರ. ಕೇಳಿದಾಗ ಬೆಳ್ಳಿ ಕೊಡುತ್ತೇವೆಂದು ಬ್ಯಾಂಕೇ ಅಚ್ಚು ಹಾಕಿಸುವ ಪ್ರತಿ ನೋಟಿಗೂ ಕ್ಯಾಷಿಯರ್ ಕೈಯಾರೆ ಸಹಿ ಹಾಕಬೇಕು, ಮತ್ತು ಲೈಮನ್ ಟೀಡನ ಸಹಿ ನೋಡಿದರೆ ಓದಲು ಬಾರದವನಿಗೂ ನಂಬಿಕೆ ಬರುತ್ತಿತ್ತು. ಜೇರೆಡ್‌ಗೆ ಓದಲು ಬರುತ್ತಿರಲಿಲ್ಲ. ಎರಡು ಎತ್ತು ಮಾರಿ ಬಂದ ನೋಟುಗಳನ್ನು ತಂದು, "ಇದು ಗಟ್ಟಿನಾ ಮೇಷ್ಟ್ರೇ?" ಎಂದು ಕೇಳಿದ್ದ.

"ನನ್ನ ಹೆಸರಿದೆಯಲ್ಲಪ್ಪಾ," ಎಂದಿದ್ದ ಲೈಮನ್. ಆಗ ಆ ಮಾತನ್ನು ಅವನೇ ನಂಬಿದ್ದ.

ಗೋಡೆಯ ಮೇಲೆ ಒಂದು ಅಚ್ಚಾದ ಹಾಳೆ ಅಂಟಿಸಿತ್ತು. ಹೋದ ವರ್ಷ ಅಧಿಕಾರದಿಂದ ಇಳಿದು ಟೆನೆಸ್ಸಿಯ ತನ್ನ ತೋಟಕ್ಕೆ ಮರಳಿದ ಮುದಿ ಜನರಲ್, ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್, ದೇಶಕ್ಕೆ ಹೇಳಿ ಹೋದ ಬುದ್ಧಿಮಾತು. ಸರ್ಕಾರವೆಂದರೆ ಬಡವ ಬಲ್ಲಿದ ಎನ್ನದೆ ಸುರಿಯುವ ಮಳೆಯ ಹಾಗಿರಬೇಕು ಎಂಬುದು ಜನರಲ್ ಹಿಂದಿನಿಂದ ಹೇಳುತ್ತ ಬಂದದ್ದು. ಬ್ಯಾಂಕಿನ ಕಾಗದದ ಹಣ ದುಡಿಯುವವನ ಬೆವರನ್ನು ಕದಿಯುವ ತಂತ್ರ ಎಂಬುದು ಆ ಹಾಳೆಯಲ್ಲೇ ಇತ್ತು. ಇದನ್ನು ಬ್ಯಾಂಕಿನ ಗೋಡೆಗೇ ಅಂಟಿಸಿದವನು ಕರ್ನಲ್. ಊರಿನವರೆಲ್ಲ ಜನರಲ್ ಪಕ್ಷದವರು, ಅವರಿಗೆ ಸಮಾಧಾನವಾಗಲಿ ಎಂದು. ಯಾರಾದರೂ ಕೆಣಕಿದರೆ, "ಮುದುಕ ಬೈದಿದ್ದು ದೊಡ್ಡ ಬ್ಯಾಂಕಿಗೆ ಕಣ್ರಯ್ಯಾ, ನಮ್ಮದು ಚಿಕ್ಕದು," ಎಂದು ನಗುತ್ತಿದ್ದ. ಎದೆಗಾರಿಕೆಯ ಒಬ್ಬನೇ ಒಬ್ಬನಿದ್ದರೆ ಬಹುಮತ ಅವನ ಕಡೆಗಿದ್ದಂತೆ ಎಂದೂ ಜನರಲ್ ಹೇಳಿದ್ದರಂತೆ. ಹೇಳಿದ್ದನ್ನು ಕಿವಿಯಾರೆ ಕೇಳಿದವರು ಮಾತ್ರ ಲೈಮನ್‌ಗೆ ಇದುವರೆಗೆ ಸಿಕ್ಕಿರಲಿಲ್ಲ. ಆದರೂ ಮಕ್ಕಳಿಗೆ ಅದನ್ನು ನೂರು ಸಲ ಕಾಪಿ ಬರೆಸಿದ್ದ.

ನದಿ ದಂಡೆಯಲ್ಲಿ ಜೋಳ ಬೆಳೆಯುತ್ತಿದ್ದ ಪೊಟವಾಟಮಿ ಎಂಬ ಮೂಲನಿವಾಸಿ ಜನರಿಂದ ಜಮೀನು ಬರೆಸಿಕೊಂಡ ಕಾಗದಕ್ಕೂ ಜನರಲ್ ಸಹಿಯೇ ಬಿದ್ದಿತ್ತು. ಆ ಮಳೆ ಅವರ ಹೊಲಕ್ಕೆ ಯಾಕೆ ಬೀಳಲಿಲ್ಲ ಎಂದು ಲೈಮನ್ ಆಗ ಕೇಳಿಕೊಂಡಿರಲಿಲ್ಲ. ಹದಿನೈದು ದಿನಗಳಿಂದ ಇಂಥವೆಲ್ಲ ಕೇಳದೆಯೇ ತಲೆಗೆ ಬರುತ್ತಿದ್ದವು.

ಸರ್ಕಾರಿ ಜಮೀನು ಕೊಳ್ಳುವವರು ಚಿನ್ನ ಇಲ್ಲವೇ ಬೆಳ್ಳಿಯನ್ನೇ ತರಬೇಕು, ಕಾಗದ ನಡೆಯದು ಎಂದು ಅಪ್ಪಣೆ ಮಾಡಿದ್ದವರೂ ಜನರಲ್ಲೇ. ತಾನು ಉತ್ತು ಬಿತ್ತಿದ, ಇನ್ನೂ ಸರ್ಕಾರದ ಹೆಸರಲ್ಲಿದ್ದ ನಲವತ್ತು ಎಕರೆ ಕೈತಪ್ಪಬಾರದೆಂದು ಜೇರೆಡ್ ತನ್ನ ನೋಟಿಗೆ ಬೆಳ್ಳಿ ಕೇಳಿಕೊಂಡು ಮೂರು ಸಲ ಬಂದ. ಮಂಗಳವಾರ ಬಾ ಎಂದು ಲೈಮನ್ ಮೂರು ಸಲವೂ ಹೇಳಿದ. ಕೊನೆಗೆ ಜೇರೆಡ್ ಡೆಟ್ರಾಯಿಟ್‌ಗೆ ನಡೆದ. ಅಲ್ಲಿ ನೋಟು ಬದಲಿಸುವವರು ಎಲ್ಮ್ ಫೋರ್ಕ್ ಎಂಬ ಹೆಸರು ಕೇಳಿ ನಕ್ಕು ಕಳಿಸಿದರು. ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿದ. ಹೆಣ ಸಿಕ್ಕಾಗ ಅವನ ಬಲಗೈ ಮುಷ್ಟಿಯಲ್ಲಿ ಒಂದು ನೋಟಿತ್ತು. ಬೆರಳುಗಳು ಕಲ್ಲಾಗಿದ್ದವು, ಬಿಡಿಸಲಾಗಲಿಲ್ಲ.

ಅಂದಿನಿಂದ ಬೆಂಚಿನ ಕೆಳಗೆ, ಕೆಜಿಯಾ ಕೂರುವ ಜಾಗಕ್ಕೆ ಒಂದು ಮಾರು ಆಚೆ, ದಿನವೂ ನೀರು ನಿಂತಿರುತ್ತಿತ್ತು. ಹಿಮ ಮೆತ್ತಿದ ಬೂಟು ಒಲೆಯ ಬಳಿ ಕರಗಿದರೆ ನಿಲ್ಲುವಷ್ಟೇ ನೀರು. ಸೂರು ಸೋರುತ್ತಿದೆ ಎಂದು ಲೈಮನ್ ತನಗೇ ಹೇಳಿಕೊಂಡು ಒರೆಸುತ್ತಿದ್ದ. ಒಂದು ದಿನ ಏಣಿ ಹಾಕಿ ನೋಡಿದ, ಸೂರು ಒಣಗಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಬಹಳ ಭಯವಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಹಿಮದ ಮೇಲೆ ಜಾರುವ ಕುದುರೆಗಾಡಿಯ ಗಂಟೆ ಕೇಳಿಸಿತು. ಕರ್ನಲ್ ಮುಂದೆ, ಸರ್ಕಾರದ ಕಮಿಷನರ್ ಹಿಂದೆ ಒಳಗೆ ಬಂದರು. ಹೊರಬಿಟ್ಟ ನೋಟಿಗೆ ತಕ್ಕ ಬೆಳ್ಳಿ ಬ್ಯಾಂಕಿನಲ್ಲಿದೆಯೇ ಎಂದು ನೋಡಿ, ಕ್ಯಾಷಿಯರನಿಂದ ಪ್ರಮಾಣ ಮಾಡಿಸಿಕೊಂಡು ಹೋಗುವುದು ಕಮಿಷನರ್ ಕೆಲಸ. ಆ ಬೆಳ್ಳಿ ಹಿಂದಿನ ಸಂಜೆಯಷ್ಟೇ ಹನ್ನೆರಡು ಮೈಲಿ ಆಚೆಯ ಇನ್ನೊಂದು ಬ್ಯಾಂಕಿನಿಂದ ಕಾಡುದಾರಿಯಲ್ಲಿ ಬಂದಿತ್ತು, ಸಂಜೆಗೆ ಕಮಿಷನರ್‌ಗಿಂತ ಮೊದಲೇ ಮತ್ತೊಂದು ಬ್ಯಾಂಕಿಗೆ ತಲುಪಬೇಕಿತ್ತು. ಅದು ಪೀಪಾಯಿಗಳ ಬಾಯಿ ಮುಚ್ಚುವಷ್ಟು ಮಾತ್ರ. ಅದರಡಿಗೆ ಕತ್ತಿನವರೆಗೂ ಮೊಳೆ.

ಕಮಿಷನರ್ ಚಳಿಗೆ ಮೂಗು ಕೆಂಪಾದ, ಸುಸ್ತಾದ ಮನುಷ್ಯ. ಪೀಪಾಯಿಗಳ ಮುಚ್ಚಳ ತೆಗೆಸಿ, ಮೇಲಿನ ಒಂದು ನಾಣ್ಯ ಎತ್ತಿ ತಿರುಗಿಸಿ ನೋಡಿದ.

"ಅಂಚು ಮುರಿದ ಈ ನಾಣ್ಯಾನ ಎಲ್ಲೋ ನೋಡಿದ ಹಾಗಿದೆಯಲ್ಲ."

"ಬೆಳ್ಳಿ ಬೆಳ್ಳಿ ಥರಾನೇ ಇರುತ್ತೆ ಸ್ವಾಮಿ," ಎಂದ ಕರ್ನಲ್. "ಅದಕ್ಕೇನು ಮೂಗು ಬೇರೆ, ಕಣ್ಣು ಬೇರೆ ಇರುತ್ತಾ?"

ಕಮಿಷನರ್ ನಕ್ಕ. ಹುಡುಕಿದರೆ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಹುಡುಕುವ ಹುಮ್ಮಸ್ಸು ಇರಲಿಲ್ಲ. ಬೈಬಲ್ ತೆಗೆದು ಮೇಜಿನ ಮೇಲಿಟ್ಟ.

ಕರ್ನಲ್ ಲೈಮನ್‌ನ ಪಕ್ಕಕ್ಕೆ ಬಂದು ಅವನಿಗಷ್ಟೇ ಕೇಳುವಂತೆ ಮಾತಾಡಿದ. ಅವನ ದನಿಯಲ್ಲಿ ಬೆದರಿಕೆಯಿರಲಿಲ್ಲ, ಅದೇ ಕಷ್ಟವಾದದ್ದು. "ಮೇಷ್ಟ್ರೇ, ಊರಲ್ಲಿ ನಿಮ್ಮ ಸಹಿ ಇಲ್ಲದ ಮನೆ ಒಂದಿಲ್ಲ. ನೀವು ಬಾಯಿ ಬಿಟ್ರೆ ಮಧ್ಯಾಹ್ನದೊಳಗೆ ಎಲ್ಲರ ಜೇಬಿನಲ್ಲೂ ಬರೀ ರದ್ದಿ. ಬಡವರನ್ನ ಮುಳುಗಿಸಿದ್ದು ನಾನಲ್ಲ, ನೀವಾಗ್ತೀರಿ. ವಸಂತ ಬರಲಿ, ಎಲ್ಲ ಸರಿಹೋಗುತ್ತೆ."

ಅದು ಸುಳ್ಳೂ ಆಗಿರಲಿಲ್ಲ. ಲೈಮನ್ ಬೈಬಲ್ ಮೇಲೆ ಕೈಯಿಟ್ಟ. ಅವನ ಅಕ್ಷರದ ಕೈ. ಬೆಂಚಿನತ್ತ ನೋಡಬಾರದು ಎಂದುಕೊಂಡೇ ನೋಡಿದ. ಕೆಜಿಯಾ ಕೂತಲ್ಲೇ ತೂಕಡಿಸುತ್ತಿದ್ದಳು, ಎಷ್ಟು ರಾತ್ರಿಗಳ ನಿದ್ದೆಯೋ. ಅವಳಿಂದ ಒಂದು ಮಾರು ಆಚೆ ನೆಲದ ಮೇಲೆ ನೀರು ಅಗಲವಾಗುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಅಗಲವಾಗುತ್ತಿತ್ತು.

"ಒಂದು ನಿಮಿಷ ಸ್ವಾಮಿ," ಎಂದ ಲೈಮನ್. "ಇವರಿಗೆ ಬ್ಯಾಂಕು ಕೊಡಬೇಕಾದ್ದು ಬಾಕಿ ಇದೆ."

ಕೋಟಿನ ತೋಳು ಮಡಚಿದ. ಮೊದಲ ಪೀಪಾಯಿಯ ಬೆಳ್ಳಿಯೊಳಗೆ ಕೈ ತೂರಿಸಿ ಮೊಣಕೈವರೆಗೂ ಇಳಿಸಿದ. ಕರ್ನಲ್ ಅವನ ಹೆಸರು ಕೂಗಿದ. ಕೈ ಹೊರಬಂದಾಗ ಬೆರಳುಗಳ ಸಂದಿಯಲ್ಲಿ ರಕ್ತವಿತ್ತು, ಮುಷ್ಟಿಯ ತುಂಬ ಮೊಳೆ. ಬೆಂಚಿನವರೆಗೆ ನಡೆದುಹೋಗಿ ಕೆಜಿಯಾಳನ್ನು ಎಬ್ಬಿಸಿ ಅವಳ ಮಡಿಲಿಗೆ ಹಾಕಿದ.

ಅವಳು ಮೊಳೆಗಳನ್ನು ನೋಡಿದಳು, ತೆರೆದ ಪೀಪಾಯಿಗಳನ್ನು ನೋಡಿದಳು.

"ಇಲ್ಲೇ ಇದ್ವಾ," ಎಂದಳು ಆಮೇಲೆ. "ಎಂಟು ದಿನ ನಾನು ಕೂತಿದ್ದಾಗ, ಇಲ್ಲೇ ಇದ್ವಾ."

ಕಮಿಷನರ್ ಬೈಬಲ್ ಮುಚ್ಚಿ, ಟೋಪಿ ತೆಗೆದಿಟ್ಟು, ಕೋಟಿನ ಗುಂಡಿ ಬಿಚ್ಚತೊಡಗಿದ. ಕೆಲಸ ಹೊತ್ತು ಹಿಡಿಯುತ್ತದೆ ಎಂದು ಅವನಿಗೆ ತಿಳಿದಿತ್ತು.

ಕರ್ನಲ್ ಹೇಳಿದ್ದಂತೆಯೇ ಆಯಿತು. ಮಧ್ಯಾಹ್ನದೊಳಗೆ ಬ್ಯಾಂಕಿನ ಬಾಗಿಲಿಗೆ ಸರ್ಕಾರದ ಅರಗಿನ ಮುದ್ರೆ ಬಿತ್ತು, ಸಂಜೆಯೊಳಗೆ ಊರಿನ ಹಣ ಸತ್ತಿತು. ಮಾರನೆಯ ದಿನ ಲೈಮನ್‌ನ ಬಾಗಿಲ ಮುಂದೆ ಯಾರೋ ನೋಟುಗಳನ್ನು ಸಗಣಿಯಲ್ಲಿ ಕಲಸಿ ಸುರಿದು ಹೋಗಿದ್ದರು. ಅವನ ಹತ್ತಿರ ಅಕ್ಷರ ಕಲಿತ ಮಕ್ಕಳು ಅವನನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿದರು. ಒಬ್ಬನೇ ಒಬ್ಬನಿದ್ದರೆ ಬಹುಮತವಂತೆ. ಅಂದು ಇಡೀ ಎಲ್ಮ್ ಫೋರ್ಕ್‌ನಲ್ಲಿ ಅವನು ಒಬ್ಬನೇ ಇದ್ದ.

ಸುತ್ತಿಗೆ ಹಿಡಿದು ಗಿರಣಿಯ ಕೊಟ್ಟಿಗೆಗೆ ಹೋದ. ಕೆಜಿಯಾ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡಳು. ಪೆಟ್ಟಿಗೆ ಸಿದ್ಧವಾದಾಗ ಇಬ್ಬರೂ ಸೇರಿ ಜೇರೆಡನನ್ನು ಎತ್ತಿ ಒಳಗೆ ಮಲಗಿಸಿದರು. ಅವನ ಬಲ ಮುಷ್ಟಿ ಎದೆಯ ಮೇಲೆ ಬಂತು. ಬೆರಳುಗಳ ನಡುವೆ ನೋಟಿನ ಮೂಲೆ ಕಾಣುತ್ತಿತ್ತು, ಅದರ ಮೇಲೆ ಟೀಡ್ ಎಂಬ ಹೆಸರಿನ ಕೊನೆಯ ಬಾಲ, ಉದ್ದವಾಗಿ, ಅಂದವಾಗಿ.

"ಬೆಂಕಿಗೆ ಹಿಡಿದ್ರೆ ಬೆರಳು ಸಡಿಲವಾಗಬಹುದು," ಎಂದ ಲೈಮನ್. "ಅದನ್ನ ತೆಗೆದುಬಿಡೋಣ."

"ಬೇಡ," ಎಂದಳು ಕೆಜಿಯಾ. "ನಿಮ್ಮ ಹೆಸರಿದೆ ಅಂತ ನಂಬಿ ಹಿಡ್ಕೊಂಡಿದ್ದು. ಅವನ ಹತ್ರಾನೇ ಇರ್ಲಿ."

ಅವಳು ಮುಚ್ಚಳ ಎಳೆದು, ಮೊದಲ ಮೊಳೆಯನ್ನು ಮೂಲೆಗೆ ನೆಟ್ಟಗೆ ಹಿಡಿದು, ಲೈಮನ್ ಹೊಡೆಯಲೆಂದು ಕಾದಳು.